ಮಗ್ಗದ ಮನೆಯ ಬಾಜು

ಕೀಲಿಕೈ ಎರಡು ಸುತ್ತು ತಿರುಗಿದರೂ ಬಾಗಿಲು ಬಿಡಲಿಲ್ಲ. ಮಹಾನಂದಾ ಬ್ಯಾಗನ್ನು ಕಟ್ಟೆಯ ಮೇಲಿಟ್ಟು, ಭುಜ ಕೊಟ್ಟು ದೂಡುತ್ತಿದ್ದಾಗ ಬಾಜು ಮನೆಯಿಂದ ಹೆಂಗಸರ ಅಳು ಕೇಳಿಸಿತು. ಗುಜರಾತದ ಅಂಕಲೇಶ್ವರ ಬಿಟ್ಟು ಒಂದೂವರೆ ದಿನವಾಗಿತ್ತು. ಹುಬ್ಬಳ್ಳಿಯಲ್ಲಿ ರೈಲಿಳಿದು, ನವಲಗುಂದದ ಮೊದಲ ಬಸ್ಸು ಹಿಡಿದು ಬಂದವಳ ತಲೆಗೆ ಮೊದಲು ಹೊಳೆದದ್ದು, ಸತ್ಯ ಹೇಳಬೇಕೆಂದರೆ, ಅಯ್ಯೋ, ಇವತ್ತೇ ಆಗಬೇಕಿತ್ತೇ ಎಂಬುದು. ಹನ್ನೊಂದು ಗಂಟೆಗೆ ಮನೆ ಕೊಳ್ಳುವವರು ಬರುವವರಿದ್ದರು.

ಯಾರೋ ತೀರಿಕೊಂಡಿದ್ದಾರೆ ಎಂದು ಅಳುವಿನಿಂದಲೇ ಗೊತ್ತಾಗಿತ್ತು. ಯಾರೆಂಬುದನ್ನು ಆ ಮನೆಯ ಸೊಸೆ ರೇಷ್ಮಾಬಿ ಬಂದು ಹೇಳಿದಳು.

"ನಮ್ಮತ್ತಿ ಹೋದ್ರರೀ ಅಕ್ಕಾರ. ಬೆಳಕ ಹರಿಯೂ ಮುಂದ ನಮಾಜಿಗಂತ ಎದ್ದಿದ್ರು. ನಾ ನೀರು ತಂದ್ಕೊಡೂದ್ರಾಗ ಗ್ವಾಡಿಗೆ ಒರಗಿಬಿಟ್ಟಿದ್ರು. ಅಷ್ಟ."

ಮಹಾನಂದಾ ಕಟ್ಟೆಯ ಮೇಲೆ ಕೂತಳು. ಹೋದವಳು ಗೌಸಬಿ. ಅರವತ್ತೆಂಟರ ಮುದುಕಿ, ಬುದ್ಧಿ ಬಂದಾಗಿನಿಂದ ಜಮಖಾನೆ ನೇಯ್ದವಳು. ಈ ಮನೆಯ ಕೀಲಿಕೈಯನ್ನು ಹನ್ನೊಂದು ವರ್ಷ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದವಳು. ಹದಿನೈದು ದಿನದ ಹಿಂದೆ ಆ ಕೀಲಿಕೈ ಅವಳಿಂದ ವಾಪಸು ಹೋಗಿತ್ತು.

ರೇಷ್ಮಾಬಿ ಹೋಗಲಿಲ್ಲ. ಓಢಣಿಯ ಅಂಚನ್ನು ಬೆರಳಿಗೆ ಸುತ್ತುತ್ತ ನಿಂತಳು.

"ಒಂದ್ ಮಾತ ಕೇಳ್ಲೇನ್ರಿ? ಕಫನ್ ಬಟ್ಟಿ ಹಾಕೂಕಿಂತ ಮೊದ್ಲ ಜಳಕಾ ಮಾಡಿಸಬೇಕ್ರಿ. ನಮ್ಮನಿ ತುಂಬ ಮಗ್ಗ ಐತಿ, ನಾಕ್ ಮಂದಿ ಹೆಣ್ಮಕ್ಕಳು ನಿಂದ್ರಾಕ ಜಾಗಾ ಇಲ್ಲ. ಬಿಚ್ಚಬೇಕಂದ್ರ ಅತ್ತಿ ಅರ್ಧಾ ನೇಯ್ದಿಟ್ಟದ್ದ ಕತ್ತರಿಸಬೇಕಾಕ್ಕೈತಿ. ನಿಮ್ಮ ಹಿತ್ತಲದಾಗ ಸುತ್ತಲೂ ಗ್ವಾಡಿ ಐತಿ, ನಳಾ ಐತಿ. ಒಂದ ತಾಸು ಕೊಟ್ರ ಸಾಕ್ರಿ."

ಕೊಡ್ತೀನಿ ಎಂಬ ಮಾತು ಮಹಾನಂದಾಳ ಗಂಟಲಿನವರೆಗೆ ಬಂದಿತ್ತು. ಆದರೆ ಕೊಳ್ಳುವ ಮಡಿವಾಳೆಪ್ಪ ನಿತ್ಯ ಲಿಂಗಪೂಜೆಯ ಮನುಷ್ಯ, ಬರುವ ಸೋಮವಾರವೇ ಗೃಹಪ್ರವೇಶ ಮಾಡುತ್ತೇವೆಂದು ಹೇಳಿದ್ದ. ಹೆಣ ತೊಳೆದ ಮನೆ ಎಂದು ಅವನು ಹಿಂದೆ ಸರಿದರೆ? ಮತ್ತೆ ಗಿರಾಕಿ ಹುಡುಕಬೇಕು, ಮತ್ತೆ ಒಂದೂವರೆ ದಿನದ ರೈಲು.

"ತಡಿ ರೇಷ್ಮಾ, ಒಂದ್ ಫೋನ್ ಮಾಡಿ ಹೇಳ್ತೀನಿ," ಎಂದು ಬಾಗಿಲನ್ನು ಇನ್ನೊಮ್ಮೆ ದೂಡಿ ತೆರೆದು ಒಳಗೆ ಹೋದಳು.

ಮಡಿವಾಳೆಪ್ಪ ಫೋನ್ ಎತ್ತಲಿಲ್ಲ. ಅಂಕಲೇಶ್ವರದಲ್ಲಿದ್ದ ಗಂಡನಿಗೆ ಹಚ್ಚಿದಳು, ಅವನು ಎತ್ತಿದ. "ಈಗ ಬ್ಯಾಡ. ಮಂದಿ ಏನರ ಅಂದಾರು," ಎಂದ. ಮಹಾನಂದಾ ಮತ್ತೆ ಮಡಿವಾಳೆಪ್ಪನಿಗೆ ಹಚ್ಚಿದಳು, ಮತ್ತೆ ಎತ್ತಲಿಲ್ಲ. ಹೀಗೆ ಅರ್ಧ ತಾಸು ಕಳೆಯಿತು. ಹೊರಗೆ ಬಂದು ನೋಡಿದರೆ ಓಣಿಯ ಹೆಂಗಸರು ಎರಡು ಮನೆಗಳ ಕಿಟಕಿಗೆ ಹಗ್ಗ ಬಿಗಿದು, ಹಳೆ ಸೀರೆ, ಚಾದರ ಇಳಿಬಿಟ್ಟು ಮರೆ ಕಟ್ಟುತ್ತಿದ್ದರು. ಅವಳನ್ನು ಯಾರೂ ಮತ್ತೊಮ್ಮೆ ಕೇಳಲಿಲ್ಲ.

"ನೀರು ಬೇಕಾದ್ರ ನಮ್ಮ ನಳದಾಗ ತಗೊಳ್ರಿ," ಎಂದಳು ಮಹಾನಂದಾ. ಅಂದಮೇಲೆ ಅವಳಿಗೇ ನಾಚಿಕೆಯಾಯಿತು.

*

ಮನೆ ಕಟ್ಟಿಸುವಾಗ ಮಹಾನಂದಾ ಬಂದುಹೋದದ್ದು ನಾಲ್ಕೇ ಸಲ. ಗೋಡೆಗೆ ನೀರು ಹೊಡೆದವಳು ಗೌಸಬಿ. ಮೇಸ್ತ್ರಿ ಹೇಳಿದ್ದು ದಿನಕ್ಕೆ ಎರಡು ಹೊತ್ತು, ಅವಳು ಹೊಡೆಯುತ್ತಿದ್ದದ್ದು ಮೂರು ಹೊತ್ತು. ಮಗ್ಗದ ಮುಂದಿನಿಂದ ಎದ್ದು, ಸೊಂಟ ಹಿಡಿದುಕೊಂಡೇ ಕೊಡ ಎತ್ತುತ್ತಿದ್ದಳು. "ಹಸೀ ಗ್ವಾಡಿ ಹಸುಗೂಸು ಇದ್ದಂಗ ತಂಗಿ, ಒಣಗಾಕ ಬಿಡಬಾರ್ದು," ಎಂದು ನಗುತ್ತಿದ್ದಳು.

ಗಂಡ ನಿವೃತ್ತನಾದ ಮೇಲೆ ಬಂದಿರಬೇಕೆಂದು ಕಟ್ಟಿಸಿದ ಮನೆ ಅದು. ಗಂಡ ನಿವೃತ್ತನಾದ. ಅಷ್ಟರಲ್ಲಿ ಮಗಳು ಅಲ್ಲೇ ಮದುವೆಯಾಗಿದ್ದಳು, ಮೊಮ್ಮಗ ಮೊಳಕಾಲಿಗೆ ಜೋತುಬಿದ್ದಿದ್ದ. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತ ಹನ್ನೊಂದು ವರ್ಷ ಹೋದವು. ಒಂದು ರಾತ್ರಿಯೂ ಮಲಗದ ಮನೆಯಲ್ಲಿ ಗೌಸಬಿ ಪ್ರತಿ ಶುಕ್ರವಾರ ಕಿಟಕಿ ತೆರೆದಳು, ಕಸ ಹೊಡೆದಳು, ಗೆದ್ದಲು ಹತ್ತಿದ ಚೌಕಟ್ಟಿಗೆ ಸೀಮೆಎಣ್ಣೆ ಬಳಿದಳು. ಫೋನ್ ಮಾಡಿದಾಗೆಲ್ಲ ಕೊನೆಗೆ ಒಂದೇ ಪ್ರಶ್ನೆ: "ಯಾವಾಗ ಬರ್ತಿ ತಂಗಿ?"

ಮನೆ ಮಾರುವುದೆಂದಾದ ಮೇಲೆ ದಲ್ಲಾಳಿ ಸಂಗನಬಸವ ಫೋನಿಗೆ ವಿಡಿಯೋ ಕಳಿಸಿದ. ಒಳಕೋಣೆಯಲ್ಲಿ ಒಂದು ಚಾಪೆ, ಮೇಜುದೀಪ, ನೀರಿನ ತಂಬಿಗೆ. ಗೋಡೆಗೆ ಅಂಟಿಸಿದ ವೇಳಾಪಟ್ಟಿ. "ಯಾರೋ ಇರಾಕತ್ಯಾರಿ ಅಕ್ಕಾರ. ಆಮ್ಯಾಲ ಬಿಡಿಸೂದು ತ್ರಾಸ ಆಕ್ಕೈತಿ," ಎಂದ. ಮಹಾನಂದಾ ಆಗಿಂದಾಗಲೇ ಗೌಸಬಿಗೆ ಫೋನ್ ಹಚ್ಚಿದಳು.

"ನಂಬಿ ಕೀಲಿಕೈ ಕೊಟ್ರ ನನ್ನ ಮನೀನ ಧರ್ಮಶಾಲಿ ಮಾಡೀರೇನು?"

"ಇಲ್ಲ ತಂಗಿ. ಇವತ್ತ ತಗಸ್ತೀನಿ," ಎಂದಳು ಗೌಸಬಿ. ಮರುದಿನ ಸಂಗನಬಸವ ಅವಳಿಂದ ಕೀಲಿಕೈ ಇಸಿದುಕೊಂಡು ಹೊಸ ಕೀಲಿ ಹಾಕಿಸಿದ. ಆಮೇಲೆ ಮಹಾನಂದಾ ಫೋನ್ ಮಾಡಲಿಲ್ಲ. ಗೌಸಬಿಯೂ ಮಾಡಲಿಲ್ಲ.

*

ನಳದಿಂದ ಬಕೀಟು ತುಂಬಿಕೊಳ್ಳಲು ಬಂದವಳು ರೇಷ್ಮಾಬಿಯ ಮಗಳು ಖುಷ್ಬೂ. ಹದಿನೆಂಟರ ಹುಡುಗಿ, ಕಣ್ಣು ಊದಿದ್ದವು. ಅಜ್ಜಿ ಗೌಸಬಿಯನ್ನು ಅವಳು ದಾದಿ ಎನ್ನುತ್ತಿದ್ದಳು.

"ಆಂಟಿ, ಒಳಗ ಕೂತು ಓದಿದಾಕಿ ನಾನ್ರಿ," ಎಂದಳು, ನೀರಿನ ಮೇಲೆ ಕಣ್ಣಿಟ್ಟು. "ಮನ್ಯಾಗ ಮಗ್ಗದ ಸಪ್ಪಳಕ್ಕ ತಲಿಗೆ ಹತ್ತೂದಿಲ್ಲಂತ ದಾದಿ ನಿಮ್ಮನ್ನ ಕೇಳಿದ್ಲಂತ. ನೀವ ಹೂಂ ಅಂದ್ರಿ ಅಂದಿದ್ಲು. ಸುಳ್ಳೇನ್ರಿ ಅದು?"

ಸುಳ್ಳಾಗಿರಲಿಲ್ಲ. ಮಹಾನಂದಾಳಿಗೆ ಆಗ ನೆನಪಾಯಿತು. ಎರಡು ವರ್ಷದ ಹಿಂದೆ, ಅಂಕಲೇಶ್ವರದ ಸಂತೆಯಲ್ಲಿ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು ಬದನೆಕಾಯಿ ಆರಿಸುತ್ತಿದ್ದಳು. ಅದಕ್ಕೇನು ಕೇಳೂದ ಅಕ್ಕಾ, ಕುಂದರ್ಲಿ, ನಿಂದ ಮನಿ ಅಂತ ತಿಳಕೋ, ಎಂದಿದ್ದಳು. ಎಂದು, ಮರೆತಿದ್ದಳು. ಅಂದವಳು ನೀನೇ ಅಲ್ಲವೇ ಎಂದು ಗೌಸಬಿ ಒಂದು ಮಾತು ತಿರುಗಿ ಕೇಳಿದ್ದರೆ ಸಾಕಿತ್ತು. ಅವಳು ಕೇಳಲಿಲ್ಲ.

"ಸುಳ್ಳಲ್ಲವ್ವಾ," ಎಂದಳು ಮಹಾನಂದಾ. ಅಷ್ಟರಲ್ಲಿ ಹುಡುಗಿ ಬಕೀಟು ಎತ್ತಿಕೊಂಡು ಹೋಗಿಯಾಗಿತ್ತು.

ಓಣಿಯ ಮರೆಯೊಳಗೆ ನೀರು ಸುರಿಯುವ ಸದ್ದು ಕೇಳತೊಡಗಿತು. ಗಾಳಿಗೆ ಸೀರೆ ಹಾರದಂತೆ ಹೆಂಗಸರು ಅಂಚನ್ನು ಕೈಯಲ್ಲೇ ಹಿಡಿದು ನಿಂತಿದ್ದರು. ಗಂಡಸರು ಓಣಿಯ ಎರಡೂ ತುದಿಯಲ್ಲಿ ಬೆನ್ನು ತಿರುಗಿಸಿ ನಿಂತು ದಾರಿ ತಡೆದಿದ್ದರು. ಜೀವಮಾನವಿಡೀ ತಲೆಯ ಮೇಲಿನ ಸೆರಗು ಜಾರಗೊಡದ ಹೆಂಗಸು ಗೌಸಬಿ. ಅವಳ ಕೊನೆಯ ಜಳಕ ಬಟ್ಟಬಯಲಲ್ಲಿ ಆಯಿತು. ಗೋಡೆಯಿದ್ದ ಹಿತ್ತಲು ಅಲ್ಲೇ, ಹತ್ತು ಹೆಜ್ಜೆಯ ಮೇಲೆ, ಖಾಲಿ ಬಿದ್ದಿತ್ತು.

ಹನ್ನೊಂದಕ್ಕೆ ಸರಿಯಾಗಿ ಮಡಿವಾಳೆಪ್ಪ ಬಂದ. ಸ್ಕೂಟರನ್ನು ದೂರದಲ್ಲೇ ನಿಲ್ಲಿಸಿ ಹೆಂಡತಿಯ ಜೊತೆ ನಡೆದು ಬಂದ. ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು.

"ಪೂಜಾಕ್ಕ ಕುಂತಿದ್ದೆ, ಫೋನ್ ಎತ್ತಲಿಲ್ರಿ," ಎಂದ.

ಅವನ ಹೆಂಡತಿ ಸುಶೀಲವ್ವ ಓಣಿಯ ಒದ್ದೆ ನೆಲವನ್ನೂ ಹಗ್ಗ ಬಿಚ್ಚುತ್ತಿದ್ದ ಹೆಂಗಸರನ್ನೂ ನೋಡಿದಳು.

"ಹಿರೇ ಜೀವದ ಜಳಕಾ ಓಣ್ಯಾಗ ಯಾಕ್ರೀ? ನಿಮ್ಮ ಹಿತ್ತಲಾ ಇತ್ತಲ್ರಿ?"

"ನೀವೇನಂತೀರೋ ಅಂತ…"

"ನಾವೇನ್ ಅನ್ನೂಣ್ರಿ?" ಎಂದ ಮಡಿವಾಳೆಪ್ಪ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಬಾಜೂಕ ಬಾಳ್ವಿ ಮಾಡಾವ್ರು ನಾವ ಅಲ್ಲೇನ್ರಿ? ಮನಿ ಆಮ್ಯಾಲ ನೋಡೂಣು." ಚಪ್ಪಲಿ ಬಿಟ್ಟು ಗಂಡಸರ ಸಾಲಿಗೆ ಹೋಗಿ ನಿಂತ.

ಅವನು ಸಿಟ್ಟಾಗಿದ್ದರೆ ಮಹಾನಂದಾಳಿಗೆ ಎಷ್ಟೋ ಹಗುರವಾಗುತ್ತಿತ್ತು. ಹಿಡಿದುಕೊಳ್ಳಲು ಇದ್ದ ಒಂದೇ ನೆಪವೂ ಕೈಬಿಟ್ಟುಹೋಯಿತು.

ಹನ್ನೆರಡೂವರೆಗೆ ಗೌಸಬಿಯನ್ನು ಮಲಗಿಸಿದ ಜನಾಜಾ ಎತ್ತುವ ಹೊತ್ತು. ಮಸೀದಿಯಲ್ಲಿ ಮಧ್ಯಾಹ್ನದ ನಮಾಜಾದ ಮೇಲೆ ಮಣ್ಣು. ಹೆಂಗಸರೆಲ್ಲ ಮುಖ ನೋಡಿದರು. ಮಹಾನಂದಾಳೂ ನೋಡಿದಳು. ಬಿಳಿ ಬಟ್ಟೆಯ ನಡುವೆ ಆ ಮುಖ ಸಣ್ಣದಾಗಿ ಕಂಡಿತು. ಗೌಸಬಿಯ ಮಗ ಇಮಾಮಹುಸೇನ ಮುಂದೆ ಬಂದು, ಕೈಜೋಡಿಸಿ, ಎಲ್ಲರಿಗೂ ಕೇಳುವಂತೆ ಹೇಳಿದ.

"ನಮ್ಮವ್ವನ ಕಡಿಂದ ಯಾರಿಗರ ತಪ್ಪಾಗಿದ್ರ, ಒಂದ ಮಾತ ಹೆಚ್ಚು ಕಮ್ಮಿ ಆಗಿದ್ರ, ಮಾಫ್ ಮಾಡ್ರಿ."

"ಮಾಫ್, ಮಾಫ್," ಎಂದರು ನೆರೆದವರು. ಇಮಾಮಹುಸೇನ ಮಹಾನಂದಾಳ ಕಡೆ ತಿರುಗಿದ.

"ಅಕ್ಕಾರ, ನಿಮಗ ಬ್ಯಾರೇನ ಕೇಳಬೇಕ್ರಿ. ನಿಮ್ಮ ಮನಸ್ಸಿಗೆ ನೋವಾಗೇತಂತ ಅವ್ವ ಹದಿನೈದ ದಿನಾ ಸರಿಯಾಗಿ ಉಣ್ಣಲಿಲ್ಲ. ಅಕೀನ ಮಾಫ್ ಮಾಡ್ರಿ."

ಮಹಾನಂದಾ ಜನಾಜಾವನ್ನೇ ನೋಡುತ್ತ ನಿಂತಳು. ಜನಾಜಾಕ್ಕೆ ಕೈ ಹಚ್ಚಿದ್ದ ನಾಲ್ವರು ಬಗ್ಗಿದವರು ಬಗ್ಗಿದಂತೆಯೇ ಅವಳತ್ತ ನೋಡಿದರು. ಇವಳಿಗೆ ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡರೇನೋ. ಖುಷ್ಬೂ ಬಂದು ಅವಳ ಕೈ ಹಿಡಿದಳು.

"ಮಾಫ್ ಅನ್ರಿ ಆಂಟಿ. ದಾದೀನ ತಡಸಬ್ಯಾಡ್ರಿ."

"ತಪ್ಪ ಅಕಿದಲ್ಲೋ ಇಮಾಮಹುಸೇನ. ನಾ ಅಂದ ಮಾತ ನಾನ ಮರ್ತು…"

"ಅದೆಲ್ಲಾ ಇರ್ಲಿ ಬಿಡ್ರಿ ಅಕ್ಕಾರ. ನಮಾಜಿನ ಹೊತ್ತಾತು. ಒಂದ ಮಾತ ಅನ್ರಿ, ಎತ್ತತೀವಿ."

"ಮಾಫ್," ಎಂದಳು ಮಹಾನಂದಾ.

ಜನಾಜಾ ಎದ್ದಿತು. ಭುಜದಿಂದ ಭುಜಕ್ಕೆ ಸಾಗಿ, ಓಣಿಯ ತಿರುವಿನಲ್ಲಿ ಮಡಿವಾಳೆಪ್ಪನ ಭುಜಕ್ಕೂ ಬಂದು, ಮರೆಯಾಯಿತು. ಏನೂ ತಪ್ಪು ಮಾಡದವಳನ್ನು ಅವಳು ಊರ ಎದುರಿಗೆ ಕ್ಷಮಿಸಿದ್ದಳು. ತನ್ನನ್ನು ಕ್ಷಮಿಸಬಹುದಾಗಿದ್ದ ಒಬ್ಬಳೇ ಒಬ್ಬಳು ಹೋಗಿಬಿಟ್ಟಿದ್ದಳು.

ಹೆಂಗಸರು ಉಳಿದರು. ಮಗ್ಗದ ಮನೆಯೊಳಗೆ ಹಿಡಿಸುವಷ್ಟು ಜನ ಒಳಗೆ, ಉಳಿದವರು ಓಣಿಯಲ್ಲಿ. ಮಹಾನಂದಾ ತನ್ನ ಮನೆಯ ಎರಡೂ ಬಾಗಿಲು ತೆರೆದಳು, ಕಿಟಕಿಗಳನ್ನು ಒಂದೊಂದಾಗಿ ತೆರೆದಳು, ಫ್ಯಾನು ಹಚ್ಚಿದಳು. ಹೊಸ್ತಿಲಿಗೆ ಬಂದು ನಿಂತಳು.

"ಒಳಗ ಬರ್ರಿ ರೇಷ್ಮಾ. ಎಲ್ಲಾರೂ ಬರ್ರಿ. ಒಳಗ ಕುಂದರೂಣು."

ರೇಷ್ಮಾಬಿ ತಲೆಯೆತ್ತಿ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಇರ್ಲಿ ಬಿಡ್ರಿ ಅಕ್ಕಾರ. ಇಲ್ಲೇ ತಂಪ ಐತಿ."

ಏಪ್ರಿಲ್ ತಿಂಗಳ ಬಿಸಿಲು ನೆತ್ತಿಯ ಮೇಲಿತ್ತು. ಒದ್ದೆಯಾಗಿದ್ದ ಓಣಿ ಅಷ್ಟರಲ್ಲೇ ಒಣಗಿತ್ತು. ಹೆಂಗಸರು ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು, ಅವಳ ಬಾಗಿಲಿಗೆ ದಾರಿ ಬಿಟ್ಟು, ಒಬ್ಬರಿಗೊಬ್ಬರು ಇನ್ನಷ್ಟು ಒತ್ತಿ ಕೂತರು.