ಕೊನೆಯ ಸೀಟಿನ ಕೆಳಗಿನ ದೀಪ

ನನ್ನ ಬಾಯಿ ದೊಡ್ಡದು. ಪಾಂಡವಪುರ ಅಂತ ಈಗ ಅನ್ನುತ್ತಾರೆ, ನಮ್ಮ ಬಾಯಲ್ಲಿ ಅದು ಹಿರೋಡೆಯೇ. ಅಲ್ಲಿ ಕುಲುಮೆ ಇಟ್ಟುಕೊಂಡು ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದ ಲಕ್ಷ್ಮಣಾಚಾರಿ, ಬಸ್ಸು ಬಂದ ಮೇಲೆ ಬಸ್ಸಿನ ರಿಪೇರಿಗೂ ಕೈ ಹಾಕಿದ. ಆ ದಿನದಿಂದಲೇ ಡ್ರೈವರುಗಳನ್ನು ಬೈಯುವುದಕ್ಕೂ ಶುರು ಮಾಡಿದ. ಆ ಲಕ್ಷ್ಮಣಾಚಾರಿ ನಾನೇ. ಬೈದದ್ದನ್ನೆಲ್ಲ ಮರೆತಿದ್ದೇನೆ, ಮೂವತ್ತೇಳನೇ ಇಸವಿಯ ಕಾರ್ತಿಕದಲ್ಲಿ ಬೈದ ಒಂದನ್ನು ಬಿಟ್ಟು.

ದೇವಯ್ಯನವರ ಹಳೇ ಬಸ್ಸು ರಾತ್ರಿ ಸಿಂಧಘಟ್ಟದಲ್ಲಿ ತಂಗಿ, ಬೆಳಗ್ಗೆ ಹಿರೋಡೆ, ಶ್ರೀರಂಗಪಟ್ಟಣದ ಮೇಲೆ ಮೈಸೂರಿಗೆ ಹೋಗುತ್ತಿತ್ತು. ಓಡಿಸುವವನು ಸಿಂಧಘಟ್ಟದ ಚಿಕ್ಕಬೀರಯ್ಯ. ಮಾತು ಕಮ್ಮಿ, ಬಸ್ಸನ್ನು ಎಮ್ಮೆ ತೊಳೆದ ಹಾಗೆ ತೊಳೆಯುವ ಮನುಷ್ಯ. ಆ ದಿನ ಬೆಳಗ್ಗೆ ಮೈಸೂರಿಗೆ ಹೋಗಬೇಕಾದ ಬಸ್ಸು ವಾಪಸ್ಸು ಸಿಂಧಘಟ್ಟದ ಕಡೆಗೇ ಮುಖ ಮಾಡಿಕೊಂಡು ಬಂದು, ನನ್ನ ಅಂಗಡಿ ಮುಂದೆ ಕೆಮ್ಮಿ ನಿಂತಿತು. ಬ್ಯಾಟರಿ ಅರೆಜೀವವಾಗಿತ್ತು. ಹಾಗಾದರೆ ಹ್ಯಾಂಡಲ್ ಹಾಕಿ ತಿರುಗಿಸಿದರೂ ಕಿಡಿ ಸಾಲುವುದಿಲ್ಲ, ತಳ್ಳಿಯೇ ಹೊರಡಿಸಬೇಕು.

"ಬೆಳಗಿಂದ ಇಂಗೇಯ ಆಚಾರ್ರೆ. ಕೆರೆ ಏರಿ ಮೇಲೆ ಒಂದ್ ಗಂಟೆ ತಳ್ಳುದ್ವಿ" ಅಂದ ಬೀರಯ್ಯ.

ನನಗೆ ರೇಗಿಹೋಯಿತು. "ಲೇ ಬೀರ, ರಾತ್ರಿ ಬಸ್ಸಿನ ದೀಪ ಆರ್ಸದೆ ಮನಿಕ್ಕಂಡಿದ್ದೀಯ ಕಣ್ಲಾ! ಬ್ಯಾಟರೀನ ನೀನೇ ಕೊಂದಾಕ್ಬುಟ್ಟು ಈಗ ಬಂದವ್ನೆ, ನೋಡು!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಎದುರು ಅಂಗಡಿಯವರು ನಕ್ಕರು. ಆಮೇಲೆ ನಾನು ಬಸ್ಸಿನೊಳಗೆ ನೋಡಿದೆ.

ಕೊನೆಯ ಸೀಟಿನಲ್ಲಿ ಅವನ ಹೆಂಡತಿ ಗೌರಮ್ಮ ಕೂತಿದ್ದಳು. ಅವಳ ತೊಡೆಯ ಮೇಲೆ ಒಬ್ಬಳೇ ಮಗಳು ಚೆಲುವಮ್ಮನ ತಲೆ, ಮುಖದ ಮೇಲೆ ಸೆರಗು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಹುಡುಗಿ. ಸೂಲಗಿತ್ತಿ ಕೈಚೆಲ್ಲಿದ ಮೇಲೆ ಮೈಸೂರಿನ ಆಸ್ಪತ್ರೆಗೆ ಅಂತ ಹೊರಟಿದ್ದರು. ದಾರಿಯಲ್ಲಿ ಕ್ಯಾತನಹಳ್ಳಿಯ ಕಬ್ಬಿನ ಗದ್ದೆ ಪಕ್ಕದಲ್ಲಿ, ಹೆರಿಗೆಯಾಗುವ ಮುಂಚೆಯೇ, ಉಸಿರು ನಿಂತಿತ್ತು. ಹಿರೋಡೆಯ ಡಾಕ್ಟರು ಕೈಹಿಡಿದು ನೋಡಿ, ಒಂದು ಗಂಟೆ ಮುಂಚೆ ತಂದಿದ್ದರೆ ಏನಾದರೂ ಮಾಡಬಹುದಿತ್ತು ಅಂದಿದ್ದರಂತೆ. ನಾನು ಕೂಗಿದ ಒಂದೊಂದು ಮಾತೂ ಗೌರಮ್ಮನ ಕಿವಿಗೆ ಬಿದ್ದಿತ್ತು. ಅವಳು ಗಂಡನ ಬೆನ್ನನ್ನೇ ನೋಡುತ್ತಿದ್ದಳು.

ಎಲ್ಲರ ಜೊತೆ ಸೇರಿ ನಾನೂ ಬಸ್ಸು ತಳ್ಳಿದೆ. ಆಮೇಲೆ ಅವರ ಮನೆ ಕಡೆ ಹೋಗಲಿಲ್ಲ. ಹೋಗಿ ಏನಂತ ಹೇಳುವುದು? ಬೈದದ್ದು ತಪ್ಪಾದರೂ ಮಾತು ನಿಜ ತಾನೇ ಅಂತ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಮಾಘದಲ್ಲಿ ದೇವಯ್ಯನವರೇ ಬಸ್ಸನ್ನು ನನ್ನ ಅಂಗಡಿಗೆ ತರಿಸಿದರು. "ಮೂರ್ ತಿಂಗ್ಳಾಯ್ತು ಆಚಾರಿ, ದಿನಾ ಬೆಳಗ್ಗೆ ಬ್ಯಾಟ್ರಿ ಖಾಲಿ. ಹೊಸದು ಆಕ್ಸುದ್ರೂ ಅದೇಯ. ಇವ್ನು ದೀಪ ಆರ್ಸದೆ ಇರಾದೇ ನಿಜವಾದ್ರೆ ಇವತ್ತೇ ಬುಡುಸ್ಬುಡ್ತೀನಿ. ನೋಡಿ ಯೋಳು" ಅಂತ ಹೇಳಿ ಸಂತೆಗೆ ಹೋದರು. ಬೀರಯ್ಯ ಹೊಂಗೆ ಮರದ ಕೆಳಗೆ ಕೂತ. ಸೊರಗಿ ಅರ್ಧವಾಗಿದ್ದ.

ಬ್ಯಾಟರಿಯ ತಂತಿ ಬಿಚ್ಚಿ, ಅದಕ್ಕೂ ಬ್ಯಾಟರಿಗೂ ನಡುವೆ ಒಂದು ಸಣ್ಣ ಬಲ್ಬು ಸಿಕ್ಕಿಸಿದೆ. ಬಸ್ಸಿನಲ್ಲಿ ಎಲ್ಲ ಆರಿಸಿದ್ದರೆ ಅದು ಉರಿಯಬಾರದು. ಬಿಸಿಲಲ್ಲಿ ಕಾಣುವುದಿಲ್ಲವೆಂದು ತಲೆ ಮೇಲೆ ಗೋಣಿಚೀಲ ಹೊದ್ದು ನೋಡಿದೆ. ಉರಿಯುತ್ತಿತ್ತು. ಎಲ್ಲೋ ಸೋರುತ್ತಿದೆ. ಹುಡುಕಿದರೆ ನಾನು ಹಾಕದ ಒಂದು ತೆಳು ತಂತಿ ಹಲಗೆಯ ಕೆಳಗೆ ಹಿಂದಕ್ಕೆ ಹೋಗಿತ್ತು. ಬೆನ್ನು ಹತ್ತಿ ಹೋದೆ. ಕೊನೆಯ ಸೀಟಿನ ಕೆಳಗೆ ಒಂದು ಮರದ ಪೆಟ್ಟಿಗೆ. ಮುಚ್ಚಳ ತೆಗೆದರೆ ಒಳಗೆ ಅಡಿಕೆ ಗಾತ್ರದ ಬಲ್ಬು ಉರಿಯುತ್ತಿದೆ, ಪಕ್ಕದಲ್ಲಿ ಹಿತ್ತಾಳೆ ಲೋಟದ ತುಂಬ ನೀರು.

ನಮ್ಮ ಕಡೆ ಉಸಿರು ಹೋದ ಜಾಗದಲ್ಲಿ ಹನ್ನೊಂದು ದಿನ ದೀಪ ಆರಬಾರದು, ಪಕ್ಕದಲ್ಲಿ ನೀರೂ ಇರಬೇಕು. ಚೆಲುವಮ್ಮನ ಉಸಿರು ಹೋದದ್ದು ಮನೆಯಲ್ಲಿ ಅಲ್ಲ, ಈ ಸೀಟಿನ ಮೇಲೆ. ಪೆಟ್ರೋಲ್ ಬಸ್ಸಿನಲ್ಲಿ ಎಣ್ಣೆ ದೀಪ ಇಡುವ ಹಾಗಿಲ್ಲ.

ಬೀರಯ್ಯ ಬಂದು ಹಿಂದೆ ನಿಂತಿದ್ದ. "ಹನ್ನೊಂದು ಕಳ್ದು ಮೂರ್ ತಿಂಗ್ಳಾಯ್ತಲ್ಲೋ ಬೀರ" ಅಂದೆ.

"ಆರ್ಸಕ್ಕೆ ಕೈ ಬರ್ನಿಲ್ಲ ಆಚಾರ್ರೆ. ಆವತ್ತು ರಾತ್ರಿ ಆರ್ಸುದ್ನೋ ಇಲ್ವೋ, ದಿನಾ ನೆಪ್ಪು ಮಾಡ್ಕತೀನಿ, ಗ್ಯಾನಕ್ಕೇ ಬರಾಕಿಲ್ಲ. ನೀವು ಅಂದದ್ದೇ ದಿಟ ಇರ್ಬೇಕು. ಗೌರಿ ಆವತ್ತಿಂದ ನನ್ ಕುಟೆ ಒಂದ್ ಮಾತಾಡಿಲ್ಲ. ಮಗ್ಳುನ್ನ ನಾನೇ ಕೊಂದೆ ಅಂತವಳೆ ಮನಸ್ನಾಗೆ."

"ಒಂದು ಗಳಿಗೆ ತಂತಿ ಬಿಚ್ತೀನಿ, ಆಮ್ಯಾಕೆ ಕಟ್ಕೊಡ್ತೀನಿ" ಅಂತ ಹೇಳಿ ಬಿಚ್ಚಿದೆ. ಮತ್ತೆ ಗೋಣಿಚೀಲ ಹೊದ್ದು ನೋಡಿದೆ. ಈಗ ಕತ್ತಲೆ ಇರಬೇಕಿತ್ತು. ಬ್ಯಾಟರಿಗೆ ಸಿಕ್ಕಿಸಿದ್ದ ಬಲ್ಬಿನೊಳಗೆ ಕೆಂಪು ಎಳೆಯೊಂದು ಇನ್ನೂ ಕಾಣುತ್ತಿತ್ತು.

ಇನ್ನೊಂದು ಸೋರಿಕೆ ಇದೆ, ಅದು ಹಳೆಯದು. ಒಂದೊಂದೇ ತಂತಿ ಕಿತ್ತು ನೋಡುತ್ತ ಬಂದೆ. ಹಾರನ್ನಿನ ತಂತಿ ಕಿತ್ತಾಗ ಎಳೆ ಆರಿತು.

ಆ ಹಾರನ್ನು ಹಾಕಿದವನು ನಾನು. ಆಯುಧಪೂಜೆಯ ಹಿಂದಿನ ಸಂಜೆ, ಪೂಜೆಗೆ ಹೊಸ ಹಾರನ್ನು ಕೂಗಬೇಕು ಅಂತ ದೇವಯ್ಯನವರು ಹಟ ಹಿಡಿದಿದ್ದರು. ಮುಂದಿನ ತಗಡಿಗೆ ಉಳಿಯಲ್ಲಿ ತೂತು ಹೊಡೆದೆ. ಅಂಚು ಕತ್ತಿಯ ಹಾಗಿತ್ತು, ಅರ ಹಾಕಿ ಉಜ್ಜಬೇಕಿತ್ತು. ಆದರೆ ಅಷ್ಟು ಹೊತ್ತಿಗೆ ಕೈಯಲ್ಲಿದ್ದ ಉಳಿ, ಸುತ್ತಿಗೆ ಬಿಟ್ಟು ಅರ, ಇಕ್ಕಳ ಎಲ್ಲ ತೊಳೆದು, ಕುಂಕುಮ ಇಟ್ಟು, ನಮ್ಮ ದೇವಿ ಕಾಳಮ್ಮನ ಮುಂದೆ ಇಟ್ಟಾಗಿತ್ತು. ಇಟ್ಟ ಆಯುಧವನ್ನು ವಿಜಯದಶಮಿಯವರೆಗೆ ನಾವು ಮುಟ್ಟುವುದಿಲ್ಲ. ಹಬ್ಬ ಕಳೆಯಲಿ, ಆಮೇಲೆ ಉಜ್ಜಿದರಾಯಿತು ಅಂದುಕೊಂಡು ಹಾಗೇ ತಂತಿ ತೂರಿಸಿದೆ. ಹಬ್ಬ ಕಳೆಯಿತು, ನಾನು ಮರೆತೆ.

ಈಗ ಆ ಅಂಚಿಗೆ ಉಜ್ಜಿ ಉಜ್ಜಿ ತಂತಿಯ ಮೇಲಿನ ಬಟ್ಟೆ ಹರಿದಿತ್ತು. ತಂತಿ ಪೂರ್ತಿ ತಗಡಿಗೆ ತಾಗಿದ್ದರೆ ಸುಟ್ಟು ಹೊಗೆ ಎದ್ದು ಅಂದೇ ಗೊತ್ತಾಗುತ್ತಿತ್ತು. ತಾಗಿರಲಿಲ್ಲ. ಬಟ್ಟೆ ಒದ್ದೆಯಾದಾಗೆಲ್ಲ ಅದರ ಮೂಲಕ ಸೋರುತ್ತಿತ್ತು; ಅಂದು ಬೆಳಗ್ಗೆಯೂ ಬೀರಯ್ಯ ಬಸ್ಸು ತೊಳೆದು ತಂದಿದ್ದ. ಚೆಲುವಮ್ಮ ಸತ್ತ ಹಿಂದಿನ ರಾತ್ರಿ ಧೋ ಅಂತ ಮಳೆ ಸುರಿದಿತ್ತು.

ಒಂದು ಚರ್ಮದ ಚೂರು ಸುತ್ತಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪೆಟ್ಟಿಗೆಯ ದೀಪದಿಂದಲೇ ಆಯಿತು ಅಂದರೆ ದೇವಯ್ಯನವರು ನಂಬುತ್ತಿದ್ದರು, ಬೀರಯ್ಯನೂ ನಂಬುತ್ತಿದ್ದ. ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಚರ್ಮದ ಚೂರನ್ನು ಕೈಯಲ್ಲಿ ಹಿಡಿದು ನಾನು ತುಂಬ ಹೊತ್ತು ಕೂತಿದ್ದೆ. ಮತ್ತೆ ಹೊಂಗೆ ಮರದ ಕೆಳಗೆ ಹೋಗಿ ಕೂತಿದ್ದ ಬೀರಯ್ಯ ಬೆರಳಲ್ಲಿ ಗಾಳಿಯಲ್ಲೇ ಸ್ವಿಚ್ಚು ಒತ್ತುತ್ತಿದ್ದ. ಆವತ್ತು ಆರಿಸಿದೆನೋ ಇಲ್ಲವೋ ಅಂತ ಆಗಲೂ ನೆನಪು ಮಾಡಿಕೊಳ್ಳುತ್ತಿದ್ದ.

ಕರೆದು ಅವನ ಬೆರಳನ್ನು ಆ ಅಂಚಿಗೆ ಮುಟ್ಟಿಸಿದೆ. "ಇದು ನಾನು ಒಡ್ದ ತೂತು ಕಣಪ್ಪ. ಅರ ಆಕ್ನಿಲ್ಲ. ಆವತ್ತು ಮಳೇಲಿ ಇಲ್ಲೇ ಸೋರೋಗದೆ. ದೊಡ್ ದೀಪ ರಾತ್ರಿಯೆಲ್ಲ ಉರ್ದಿದ್ರೆ ಬ್ಯಾಟ್ರೀಲಿ ಒಂದ್ ತೊಟ್ಟೂ ಉಳೀತಿರ್ನಿಲ್ಲ, ನೀವು ಎಷ್ಟು ತಳ್ಳುದ್ರೂ ಬಸ್ಸು ಹೊರಡ್ತಿರ್ನಿಲ್ಲ. ನೀನು ಆರ್ಸಿದ್ದೆ."

ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿ ಅಂತಲೇ ನಿಂತಿದ್ದೆ.

"ನಾನು ಆರ್ಸಿದ್ನಾ?"

"ಆರ್ಸಿದ್ದೆ."

"ದಿಟವಾಗ್ಲೂ ಆರ್ಸಿದ್ನಾ ಆಚಾರ್ರೆ?" ಅಂತ ಕೇಳುತ್ತಲೇ ಬಸ್ಸಿನ ಮೆಟ್ಟಿಲ ಮೇಲೆ ಕುಸಿದು ಕೂತು, ಮಗಳು ಸತ್ತ ದಿನ ಅಳದೇ ಇದ್ದದ್ದನ್ನೆಲ್ಲ ಅತ್ತ. ಆಮೇಲೆ ಎದ್ದು, ಪೆಟ್ಟಿಗೆಯ ತಂತಿ ಮತ್ತೆ ಕಟ್ಟಲು ಹೋದ ನನ್ನ ಕೈ ಹಿಡಿದ. ಬಲ್ಬನ್ನು ತಾನೇ ಬಿಚ್ಚಿದ. ಲೋಟದ ನೀರನ್ನು ಮರದ ಬುಡಕ್ಕೆ ಹೊಯ್ದ.

"ಗೌರಿಗೆ ನೀವೇ ಬಂದು ಯೋಳಿ. ಆವತ್ತು ಕೂಗುದ್ರಲ್ಲ, ಅಂಗೇ ಗಟ್ಟಿಯಾಗಿ ಯೋಳಿ."

ದೇವಯ್ಯನವರ ಮುಂದೆ ತಪ್ಪೊಪ್ಪಿಕೊಂಡು, ಅದೇ ಬಸ್ಸಿನಲ್ಲಿ ಸಿಂಧಘಟ್ಟಕ್ಕೆ ಹೋದೆ. ಗೌರಮ್ಮ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ಬೀದಿಗೆಲ್ಲ ಕೇಳುವ ನನ್ನ ಗಂಟಲು ಹೊರಡಲೇ ಇಲ್ಲ. ಎರಡು ಸಲ ಹೇಳಬೇಕಾಯಿತು. ತೂತು, ಅಂಚು, ಮಳೆ, ಕಾಳಮ್ಮನ ಮುಂದಿದ್ದ ಅರ, ಎಲ್ಲ ಹೇಳಿದೆ. ಅವಳು ಮೊರ ಕೆಳಗಿಟ್ಟು ಗಂಡನ ಕಡೆ ತಿರುಗಿದಳು.

"ಉಂಡ್ಯಾ?" ಅಂದಳು. ಮೂರು ತಿಂಗಳ ಮೇಲೆ ಅವನಿಗೆ ಆಡಿದ ಮೊದಲ ಮಾತು. ಅವನು ಇಲ್ಲ ಅಂತ ತಲೆ ಆಡಿಸಿ ಒಳಗೆ ಹೋದ.

ಆಮೇಲೆ ನನ್ನನ್ನು ನೋಡಿದಳು. ಸಿಟ್ಟು ಮಾಡಲಿಲ್ಲ. ಮಗುವಿಗೆ ಹೇಳುವ ಹಾಗೆ ಹೇಳಿದಳು: "ಅರಾನ ಇಳುಸ್ಕೋಬೋದಾಗಿತ್ತಲ್ಲಪ್ಪ. ಕಾಳಮ್ಮನೂ ಹೆಂಗ್ಸಲ್ವಾ? ಅವ್ಳೇನೂ ಅಂತಿರ್ನಿಲ್ಲ."

ಅಂದಿನಿಂದ ಆಯುಧಪೂಜೆಗೆ ನಾನು ಅರವನ್ನು ದೇವರ ಮುಂದೆ ಇಡುವುದಿಲ್ಲ. ಅದು ಕುಲುಮೆಯ ಪಕ್ಕದಲ್ಲಿ, ಕೈಗೆ ಸಿಗುವ ಹಾಗೆ ಇರುತ್ತದೆ.