ಒಂದು ದಿನವೂ ತಪ್ಪದ ಮಾತ್ರೆ

ಕಮಲಾಕ್ಷಮ್ಮ ಹಿಡಿದರೆ ಉಡದ ಪಟ್ಟು. ಜಾವಗಲ್ಲಿನ ಅವಳ ಬೀದಿಗೆಲ್ಲ ಗೊತ್ತಿದ್ದ ಸಂಗತಿ ಅದು. ಗಂಡ ಚನ್ನಬಸವಯ್ಯನಿಗೆ ಟಿ.ಬಿ. ಎಂದು ತಿಳಿದಾಗ ಮಾತ್ರೆ ತಂದುಕೊಟ್ಟವಳು ಆಶಾ ಕಾರ್ಯಕರ್ತೆ ಉಷಾರಾಣಿ.

"ಆರು ತಿಂಗ್ಳು ಒಂದಿನಾನೂ ತಪ್ಪಿಸ್ಬ್ಯಾಡಿ ಅಮ್ಮಾ. ಉಚ್ಚೆ ಕೆಂಪಗೆ ಹೋಗ್ತೈತೆ, ಹೆದರ್ಕೋಬ್ಯಾಡಿ, ಅದು ಮಾತ್ರೆ ಬಣ್ಣ."

ಉಷಾರಾಣಿ ಇನ್ನೂ ಏನೇನೋ ಹೇಳಿದ್ದಳು. ಕಮಲಾಕ್ಷಮ್ಮನ ಕಿವಿಯಲ್ಲಿ ಉಳಿದದ್ದು ಇಷ್ಟೇ.

ಅಂದಿನಿಂದ ಅದೊಂದು ವ್ರತವೇ ಆಯಿತು. ಕೊಬ್ಬರಿ ವ್ಯಾಪಾರದ ಚನ್ನಬಸವಯ್ಯ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಏಳುವಷ್ಟರಲ್ಲಿ ಅಂಗೈಗೆ ಮಾತ್ರೆ ಬೀಳುತ್ತಿತ್ತು. ಆರನೇ ವಾರ ಅವನಿಗೆ ಊಟ ಸೇರದಾಯಿತು. ನುಂಗಿದ್ದೆಲ್ಲ ವಾಂತಿಯಾಗತೊಡಗಿತು. ವಾಂತಿಯಾದರೆ ವ್ರತ ಕೆಟ್ಟ ಹಾಗೆ ತಾನೇ? ಬಾಯಿ ತೊಳೆಸಿ ಇನ್ನೊಮ್ಮೆ ನುಂಗಿಸಿದಳು.

"ಹೊಟ್ಟೆ ತೊಳಸ್ತೈತೆ ಕಣೇ, ಇವತ್ತೊಂದಿನ ಬ್ಯಾಡ," ಎಂದು ಅವನು ಗೋಗರೆದ.

"ಸುಮ್ನೆ ನುಂಗ್ರಿ. ನೀವು ಉಳೀಬೇಕು ನಂಗೆ."

ಕಾಯಿ ಸುಲಿಯಲು ಬರುತ್ತಿದ್ದ ಕೆಂಚಯ್ಯ ಒಂದು ದಿನ ಮೆಲ್ಲಗೆ ಹೇಳಿದ. "ಯಜಮಾನ್ರ ಕಣ್ಣು ಹಳದಿ ಆಗೈತೆ ಕಣವ್ವಾ. ಕಾಮಾಲೆ ಇದ್ದಂಗೈತೆ, ಆಸ್ಪತ್ರೆಗೆ ತೋರ್ಸಿ."

"ಮಾತ್ರೆ ಬಣ್ಣ ಅದು. ಉಚ್ಚೇನೇ ಕೆಂಪು ಮಾಡೈತೆ, ಇನ್ನು ಕಣ್ಣು ಬಿಡ್ತೈತಾ?" ಎಂದು ಬಾಯಿ ಮುಚ್ಚಿಸಿದಳು. ಹೇಳಿಕೇಳಿ ಜಾಣೆ, ಕಾಯಿ ಸುಲಿಯುವವನ ಮಾತಿಗೆ ಬೆಲೆ ಕೊಟ್ಟಾಳೆಯೇ!

ಅದಾಗಿ ಹನ್ನೊಂದು ದಿನಕ್ಕೆ ಚನ್ನಬಸವಯ್ಯ ಪಂಚೆ ಉಡುವುದು ಹೇಗೆಂದೇ ಮರೆತು, ಅದನ್ನು ಕೈಯಲ್ಲಿ ಹಿಡಿದು ಪಡಸಾಲೆಯಲ್ಲಿ ನಿಂತಿದ್ದ. ಆಗ ಅವಳಿಗೆ ದಿಗಿಲಾಯಿತು. ಆಟೋ ಮಾಡಿಕೊಂಡು ಅರಸೀಕೆರೆಗೆ ಓಡಿದಳು.

ರಕ್ತದ ವರದಿ ಓದಿದ ಡಾಕ್ಟರು, ಕಣ್ಣು ಹಳದಿಯಾಗಿ ಎಷ್ಟು ದಿನವಾಯಿತೆಂದು ಕೇಳಿದರು.

"ಹನ್ನೊಂದು ದಿನ ಆಗೈತೆ. ಆದ್ರೆ ಮಾತ್ರೆ ಒಂದಿನಾನೂ ತಪ್ಸಿಲ್ಲ ಸಾರ್. ವಾಂತಿ ಮಾಡ್ಕೊಂಡ್ರೂ ಮತ್ತೆ ಕೊಟ್ಟಿವ್ನಿ," ಎನ್ನುತ್ತ ಚೀಲದಿಂದ ಮಾತ್ರೆಯ ಖಾಲಿ ಪಟ್ಟಿಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸಿಟ್ಟಳು. ಶಹಬ್ಬಾಸ್ ಅಂದಾರು ಎಂದು ಅವರ ಮುಖವನ್ನೇ ನೋಡಿದಳು.

ಡಾಕ್ಟರು ಪಟ್ಟಿಗಳನ್ನು ಮುಟ್ಟಲಿಲ್ಲ.

"ಈ ಮಾತ್ರೆ ಕೆಲವರ ಲಿವರ್‌ಗೆ ಆಗಿಬರಲ್ಲ ಅಮ್ಮಾ. ವಾಂತಿ ಶುರುವಾದಾಗಲೇ ನಿಲ್ಲಿಸಿ ಬಂದಿದ್ರೆ, ಲಿವರ್ ಸುಧಾರಿಸಿದ ಮೇಲೆ ಒಂದೊಂದೇ ಮಾತ್ರೆ ಮತ್ತೆ ಕೊಡಬಹುದಿತ್ತು. ಈಗ ಲಿವರ್ ಪೂರ್ತಿ ಸೋತುಹೋಗಿದೆ. ಅದರ ನಂಜು ತಲೆಗೇರಿದೆ. ಹಾಸನಕ್ಕೆ ಕಳಿಸ್ತೀನಿ, ಆದ್ರೆ ಭರವಸೆ ಕೊಡೋಕಾಗಲ್ಲ."

ಕಮಲಾಕ್ಷಮ್ಮ ತಾನೇ ಜೋಡಿಸಿಟ್ಟ ಖಾಲಿ ಪಟ್ಟಿಗಳನ್ನು ನೋಡಿದಳು. ಗಂಡನನ್ನು ಈ ಗತಿಗೆ ತಂದದ್ದು ಕ್ಷಯವಲ್ಲ, ಮಾತ್ರೆ. ಕೊಟ್ಟವರು ಬೇರೆ ಯಾರೂ ಅಲ್ಲ. ಬೇಡ ಬೇಡವೆಂದವನ ಗಲ್ಲ ಹಿಡಿದು, ಕೈಯಾರೆ ತಾನೇ. ಅಳೋಣವೆಂದರೆ ಅಳುವೂ ಬರಲಿಲ್ಲ. ಗಂಡನನ್ನು ಮಲಗಿಸಿದ್ದ ಮಂಚದ ಬಳಿಗೆ ಹೋದಳು.

"ರೀ," ಎಂದಳು.

ಚನ್ನಬಸವಯ್ಯ ಕಣ್ಣು ತೆರೆದು ಅವಳನ್ನೇ ನೋಡಿದ. ಗುರುತು ಹತ್ತಲಿಲ್ಲ. ಆಸ್ಪತ್ರೆಯ ನರ್ಸ್ ಎಂದುಕೊಂಡನೋ ಏನೋ, ಅಂಗೈಯನ್ನು ಅವಳ ಮುಂದೆ ಚಾಚಿದ.

"ಮಾತ್ರೆ ಕೊಡಿ ಸಿಸ್ಟರ್. ತಪ್ಪಿಸಿದ್ರೆ ನಮ್ಮನೆಯವ್ಳು ಬೈತಾಳೆ."