ಎರಡಿಂಚು ಕಡಿಮೆ

ಪಟ್ಟಿ ಬಿಗಿಯುತ್ತಿದೆ, ಮಾತಾಡಬಾರದು, ಕಾಲ ಮೇಲೆ ಕಾಲು ಹಾಕಬಾರದು, ತೋಳು ಎದೆಯ ಮಟ್ಟಕ್ಕಿರಬೇಕು, ಡಾಕ್ಟರು ಹೇಳಿದ್ದು ನನ್ನ ಹೆಂಡತಿಗೆ, ಪಾಲಿಸುತ್ತಿರುವುದು ನಾನು — ನಲವತ್ತು ವರ್ಷ ಊರವರ ಅಳತೆ ತೆಗೆದ ದರ್ಜಿ, ಈಗ ನನ್ನ ಅಳತೆ ತೆಗೆಯುತ್ತಿರುವ ಈ ಅಂಗೈಯಗಲದ ಬಿಪಿ ಡಬ್ಬಿಗೆ ದಾಕ್ಷಿಣ್ಯವೇ ಇಲ್ಲ, ನನಗಿತ್ತು, ದಪ್ಪ ಸೊಂಟಕ್ಕೆ ಟೇಪು ಸುತ್ತಿ ನಲವತ್ತು ಬಂದರೆ ಮೂವತ್ತೆಂಟು ಎಂದು ಗಟ್ಟಿಯಾಗಿ ಹೇಳಿ ಪುಸ್ತಕದಲ್ಲಿ ಮಾತ್ರ ನಲವತ್ತೇ ಬರೆಯುತ್ತಿದ್ದೆ, ಗಿರಾಕಿಗೆ ಖುಷಿ, ಪ್ಯಾಂಟಿಗೂ ಮೋಸವಿಲ್ಲ — ಮನೆಯಲ್ಲಿ ಬಿಪಿ ಬರೆಯುವ ಪುಸ್ತಕ ಅವಳ ಕಣ್ಣೆದುರಿಗೇ ಇರುತ್ತಿತ್ತಲ್ಲ, ಇದೇ ಮೇಜು, ಅಂಗೈ ಮೇಲಾಗಿ ಚಾಚಿದ ಅವಳ ಕೈ, ಎಷ್ಟು ಬಂತು ರೀ, ಬಂದದ್ದು ನೂರ ಎಪ್ಪತ್ತು, ನೂರ ನಲವತ್ತು ಅಂದೆ, ಗಾಬರಿಯಾದರೆ ಇನ್ನೂ ಏರುತ್ತದಲ್ಲ ಎಂದು, ಅಂದದ್ದನ್ನೇ ಬರೆದೆ, ಮರುದಿನವೂ, ಮೂರು ತಿಂಗಳೂ, ನನ್ನ ಮುದ್ದಾದ ಅಕ್ಷರದಲ್ಲಿ, ದಿನಕ್ಕೆರಡು ಸಲ, ಚಾಚಿದ ಅದೇ ಕೈ — ಆಸ್ಪತ್ರೆಯಲ್ಲಿ ನೋಡಿದಾಗ ನೂರ ಅರವತ್ತೆಂಟು, ಡಾಕ್ಟರು ಪುಸ್ತಕ ತಿರುವಿ ನಕ್ಕರು, ನಮ್ಮನ್ನ ಕಂಡ್ರೆ ಹೆದರಿಕೆ ಅಮ್ಮಾ ನಿಮಗೆ, ಮನೇಲಿ ಸರಿಯಾಗೇ ಇದೆ, ಇದೇ ಮಾತ್ರೆ ಸಾಕು, ಅವಳೂ ನಕ್ಕಳು, ನಾನೂ ನಕ್ಕೆನೇನೋ, ಆಗಲಾದರೂ ಬಾಯಿ ಬಿಡಬಹುದಿತ್ತು, ಮೂರು ತಿಂಗಳ ಸುಳ್ಳನ್ನು ಅವಳೆದುರು ಹೇಗೆ ಬಿಚ್ಚುವುದು, ಹೊಲಿಗೆ ಬಿಚ್ಚಿದಷ್ಟು ಸುಲಭವೇ — ಹತ್ತನೇ ದಿನ ಬೆಳಿಗ್ಗೆ ಅವಳ ಕೈಯಿಂದ ಲೋಟ ಬಿತ್ತು, ಬಾಯಿ ಒಂದು ಕಡೆಗೆ ಎಳೆಯಿತು, ನನ್ನ ಕಡೆ ಚಾಚಲು ಹೋದ ಕೈ ಮೇಲೇಳಲಿಲ್ಲ, ಮೂರು ದಿನ, ಅಷ್ಟೇ — ಗಾಳಿ ಇಳಿಯುತ್ತಿದೆ, ಡಬ್ಬಿ ಪೀಪ್ ಅಂದಿತು, ನೂರ ಎಪ್ಪತ್ತೆರಡು, ನೂರ ನಾಲ್ಕು, ಅಡಿಗೆಮನೆಯಿಂದ ಮಗಳು, ಎಷ್ಟು ಬಂತಪ್ಪಾ, ನಾಲಿಗೆ ತಾನಾಗಿ ನೂರ ನಲ... ಎನ್ನುವಷ್ಟರಲ್ಲಿ ಕಚ್ಚಿ ಹಿಡಿದೆ, ನೀನೇ ಬಂದು ನೋಡು ಎಂದು ಡಬ್ಬಿಯನ್ನು ಅವಳತ್ತ ತಿರುಗಿಸಿದೆ, ಬಂದಳು, ನೋಡಿದಳು, ಬೈಯಲಿಲ್ಲ, ಒದ್ದೆ ಕೈ ಒರೆಸಿಕೊಂಡು ತಾನೇ ಪುಸ್ತಕ ತೆಗೆದಳು, ಹೊಸ ಪುಸ್ತಕ ತರಬೇಕಿತ್ತು, ಯಾಕೆ ತರಲಿಲ್ಲ ನಾನು, ಖಾಲಿ ಹಾಳೆ ಹುಡುಕುತ್ತಾ ಹಿಂದಿನ ಪುಟಗಳಲ್ಲಿ ಬೆರಳು ನಿಂತಿತು, ನೂರ ನಲವತ್ತು, ನೂರ ಮೂವತ್ತೆಂಟು, ನೂರ ನಲವತ್ತು, ಬೆರಳು ಕೆಳಗೆ ಕೆಳಗೆ ಜಾರುತ್ತದೆ, ಅಮ್ಮಂದು ಕೊನೇವರೆಗೂ ಎಷ್ಟು ಚೆನ್ನಾಗಿತ್ತಲ್ಲಪ್ಪಾ, ಆಮೇಲೆ ಹೇಗೆ ಹಾಗಾಯ್ತು — ನನ್ನ ಮುಖ ನೋಡುತ್ತಿದ್ದಾಳೆ, ಹೇಳಬೇಕು, ಈಗ, ಇಲ್ಲೇ, ಬಾಯಿ ತೆರೆದಿದೆ, ಆದರೆ ಮೇಜಿನ ಮೇಲೆ, ಪುಸ್ತಕಕ್ಕೂ ನನಗೂ ನಡುವೆ, ಅವಳಮ್ಮನ ಕೈ, ಅಂಗೈ ಮೇಲಾಗಿ, ಆ ಕೈ